ತೋಳದ ಚರ್ಮ, ಪ್ರೇತದ ಸದ್ದು, ಮನುಷ್ಯನ ಸಾಕ್ಷ್ಯ

ಜರ್ಮನಿಯ ಕಲೋನ್ ನಗರಕ್ಕೆ ಸಮೀಪದ ಬೆಡ್‌ಬುರ್ಗ್ ಎಂಬ ಊರಿನಲ್ಲಿ ಕ್ರಿ.ಶ. 1589ರ ಅಕ್ಟೋಬರ್ 31ರಂದು ಪೀಟರ್ ಸ್ಟಂಪ್ ಎಂಬ ರೈತನಿಗೆ ಬಹಿರಂಗವಾಗಿ ಮರಣದಂಡನೆಯನ್ನು ವಿಧಿಸಲಾಯಿತು. ಅವನು ಇಪ್ಪತ್ತೈದು ವರ್ಷಗಳ ಕಾಲ ತೋಳದ ರೂಪವನ್ನು ತಾಳಿ ಎಳೆಯ ಮಕ್ಕಳನ್ನೂ ಗರ್ಭಿಣಿಯರನ್ನೂ ದನಕುರಿಗಳನ್ನೂ ಕೊಂದು ತಿಂದನೆಂಬುದು ಆರೋಪ. ಸೈತಾನನು ತನಗೊಂದು ನಡುಪಟ್ಟಿಯನ್ನು ಕೊಟ್ಟಿದ್ದನೆಂದೂ, ಅದನ್ನು ಕಟ್ಟಿಕೊಂಡರೆ ತೋಳವಾಗುತ್ತಿದ್ದೆನೆಂದೂ, ಬಿಚ್ಚಿದೊಡನೆ ಮನುಷ್ಯನಾಗುತ್ತಿದ್ದೆನೆಂದೂ ಅವನು ಒಪ್ಪಿಕೊಂಡನು. ಈ ಒಪ್ಪಿಗೆ ಹೊರಟಿದ್ದು ಚಿತ್ರಹಿಂಸೆಯ ಯಂತ್ರದ ಎದುರಿನಲ್ಲಿ. ಅವನೊಡನೆ ಅವನ ಮಗಳನ್ನೂ ಮತ್ತೊಬ್ಬ ಹೆಂಗಸನ್ನೂ ಸುಟ್ಟರು. ಅವನನ್ನು ಕೊಂದ ಬಗೆಯ ವಿವರಗಳನ್ನು ಇಲ್ಲಿ ಬರೆಯಬೇಕಾದ ಅವಶ್ಯಕತೆಯಿಲ್ಲ. ಅಂದಿನ ಮುದ್ರಕರು ಅವನ್ನು ಚಿತ್ರಗಳ ಸಹಿತ ಮಾರಿದರು ಎಂದಷ್ಟೇ ಹೇಳಿದರೆ ಸಾಕು. ಮರುವರ್ಷ, 1590ರಲ್ಲಿ, ಲಂಡನ್ನಿನಲ್ಲಿಯೂ ಇದೇ ವೃತ್ತಾಂತದ ಕಿರುಹೊತ್ತಗೆಯೊಂದು ಅಚ್ಚಾಯಿತು. ಸ್ಟಂಪ್‌ನ ಬಗೆಗೆ ಇಂದು ತಿಳಿದಿರುವುದು ಬಹುಮಟ್ಟಿಗೆ ಇಂಥ ಮಾರಾಟದ ಕಾಗದಗಳಿಂದಲೇ.

ಆ ಕಿರುಹೊತ್ತಗೆಯಲ್ಲಿ ಒಂದು ಸಣ್ಣ ಸಂಗತಿಯಿದೆ. ನಡುಪಟ್ಟಿಯನ್ನು ಇಂಥ ಕಣಿವೆಯಲ್ಲಿ ಎಸೆದೆನೆಂದು ಸ್ಟಂಪ್ ಹೇಳಿದಾಗ ಅಧಿಕಾರಿಗಳು ಅದನ್ನು ಹುಡುಕಲು ಆಳುಗಳನ್ನು ಕಳುಹಿಸಿದರು. ಅಲ್ಲಿ ಏನೂ ಸಿಗಲಿಲ್ಲ. ಸಿಗದಿದ್ದುದಕ್ಕೆ ಅವರು ಕಂಡುಕೊಂಡ ಸಮಾಧಾನವೆಂದರೆ, ಕೊಟ್ಟ ಸೈತಾನನೇ ಅದನ್ನು ಹಿಂದಕ್ಕೆ ತೆಗೆದುಕೊಂಡಿರಬೇಕೆಂಬುದು. ವಸ್ತು ದೊರೆತಿದ್ದರೆ ಅಪರಾಧಕ್ಕೆ ಸಾಕ್ಷಿ. ದೊರೆಯದಿದ್ದರೆ ಸೈತಾನನ ಕೈವಾಡಕ್ಕೆ ಸಾಕ್ಷಿ. ಎರಡು ದಾರಿಗಳೂ ಒಂದೇ ಕಂಬದ ಬಳಿಗೆ ಹೋಗುತ್ತಿದ್ದವು. ವಿದ್ವತ್ತೂ ಕಾನೂನೂ ಮುದ್ರಣಾಲಯಗಳೂ ಇದ್ದ ಒಂದು ನಾಗರಿಕ ಸಮಾಜವು ಇಂಥ ತರ್ಕಕ್ಕೆ ಹೇಗೆ ಒಳಗಾಯಿತು, ಹೇಗೆ ಅದರಿಂದ ಹೊರಬಂದಿತು ಎಂಬುದು ಇತಿಹಾಸಕಾರರನ್ನು ಬಹುಕಾಲ ಕಾಡಿದ ಪ್ರಶ್ನೆ. ಆ ಪ್ರಶ್ನೆಯ ವಿಚಾರವೇ ಪ್ರಸ್ತುತ ಲೇಖನದ ವಸ್ತು.

ಹೆಸರು ಮತ್ತು ಹಳೆಯ ನಿಲುವು

ತೋಳಮಾನವನಿಗೆ ಇಂಗ್ಲಿಷಿನಲ್ಲಿ ‘ವೆಯರ್‌ವುಲ್ಫ್’ ಎಂದು ಹೆಸರು. ಇಲ್ಲಿರುವ ‘ವೆರ್’ ಎಂಬುದು ಪುರುಷನೆಂಬ ಅರ್ಥದ ಹಳೆಯ ಶಬ್ದ. ಲ್ಯಾಟಿನಿನ ‘ವಿರ್’, ಸಂಸ್ಕೃತದ ‘ವೀರ’ ಇದರ ಸೋದರ ಶಬ್ದಗಳು. ‘ವುಲ್ಫ್’ ಎಂಬುದು ನಮ್ಮ ‘ವೃಕ’ಕ್ಕೆ ಬಂಧು. ಫ್ರೆಂಚರು ಇದನ್ನೇ ‘ಲೂ ಗರೂ’ ಎಂದು ಕರೆದರು. ನರಮಾಂಸವನ್ನು ದೇವತೆಗೆ ಬಡಿಸಿದ ಪಾಪಕ್ಕಾಗಿ ತೋಳವಾದ ಅರ್ಕೇಡಿಯದ ದೊರೆ ಲೈಕೇಅನ್‌ನ ಕಥೆಯನ್ನು ರೋಮಿನ ಕವಿ ಓವಿಡ್ ಹೇಳಿದ್ದಾನೆ. ಆದರೆ ಕಥೆಯೆಂದು ಕೇಳುವುದು ಬೇರೆ, ನಿಜವೆಂದು ನಂಬುವುದು ಬೇರೆ. ಕ್ರಿ.ಶ. ಒಂದನೆಯ ಶತಮಾನದ ಪ್ಲಿನಿಯು ಮನುಷ್ಯರು ತೋಳಗಳಾಗಿ ಮತ್ತೆ ಮನುಷ್ಯರಾಗುತ್ತಾರೆಂಬ ಮಾತನ್ನು ಸುಳ್ಳೆಂದೇ ತಳ್ಳಿಹಾಕಿದ್ದನು.

ಕ್ರೈಸ್ತ ಮತಾಚಾರ್ಯರ ಹಳೆಯ ನಿಲುವೂ ಬಹುಮಟ್ಟಿಗೆ ಹೀಗೆಯೇ ಇತ್ತು. ಐದನೆಯ ಶತಮಾನದ ಸಂತ ಅಗಸ್ಟೀನನು ಇಂಥ ರೂಪಾಂತರಗಳು ದುಷ್ಟಶಕ್ತಿಗಳು ಉಂಟುಮಾಡುವ ಭ್ರಮೆಗಳೇ ಹೊರತು ದೇಹದಲ್ಲಿ ನಿಜವಾಗಿ ಆಗುವ ಬದಲಾವಣೆಗಳಲ್ಲವೆಂದು ವಾದಿಸಿದನು. ಸುಮಾರು 906ರಲ್ಲಿ ಸಂಗ್ರಹವಾದ ‘ಕ್ಯಾನನ್ ಎಪಿಸ್ಕೋಪಿ’ ಎಂಬ ಚರ್ಚಿನ ನಿಯಮವು ಇನ್ನೂ ಮುಂದೆ ಹೋಗಿ, ಸೃಷ್ಟಿಕರ್ತನ ಹೊರತು ಬೇರೆ ಯಾರಾದರೂ ಒಂದು ಜೀವಿಯನ್ನು ಮತ್ತೊಂದು ಜೀವಿಯಾಗಿ ಮಾರ್ಪಡಿಸಬಲ್ಲರೆಂದು ನಂಬುವವನೇ ಅವಿಶ್ವಾಸಿಯೆಂದು ಸಾರಿತು. ಮಧ್ಯಯುಗವೆಂದರೆ ಅಂಧಶ್ರದ್ಧೆಯ ಯುಗ, ಅನಂತರದ್ದು ಜ್ಞಾನೋದಯದ ಯುಗ ಎಂದು ಶಾಲೆಯ ಪುಸ್ತಕಗಳಲ್ಲಿ ಓದಿದವರಿಗೆ ಇದು ಆಶ್ಚರ್ಯವನ್ನು ಉಂಟುಮಾಡೀತು. ಹತ್ತನೆಯ ಶತಮಾನದಲ್ಲಿ ನಂಬುವುದೇ ದೋಷವಾಗಿದ್ದ ವಿಷಯಕ್ಕೆ ಹದಿನಾರನೆಯ ಶತಮಾನದಲ್ಲಿ ಜನರನ್ನು ಸುಟ್ಟರು.

ಈ ತಿರುವು ಒಮ್ಮೆಗೇ ಬಂದುದಲ್ಲ. ಹದಿನೈದನೆಯ ಶತಮಾನದಲ್ಲಿ ಮಾಟಗಾರರದು ಸೈತಾನನೊಡನೆ ಕರಾರು ಮಾಡಿಕೊಂಡ ಒಂದು ಗುಪ್ತ ಸಂಘವೆಂಬ ಕಲ್ಪನೆ ಬಲವಾಯಿತು. 1486ರ ಸುಮಾರಿನಲ್ಲಿ ಅಚ್ಚಾದ ‘ಮ್ಯಾಲಿಯಸ್ ಮ್ಯಾಲೆಫಿಕಾರಮ್’ ಎಂಬ ಗ್ರಂಥವು ಅದಕ್ಕೆ ಶಾಸ್ತ್ರದ ವೇಷವನ್ನು ತೊಡಿಸಿತು. ಮುಂದಿನ ಮೂರು ಶತಮಾನಗಳಲ್ಲಿ ಯೂರೋಪಿನಲ್ಲಿ ಮಾಟದ ಆರೋಪದ ಮೇಲೆ ಸುಮಾರು 40ರಿಂದ 50 ಸಾವಿರ ಜನರನ್ನು ಕೊಲ್ಲಲಾಯಿತೆಂದು ಇಂದಿನ ವಿದ್ವಾಂಸರು ಅಂದಾಜು ಮಾಡಿದ್ದಾರೆ. ಅವರಲ್ಲಿ ಬಹುಪಾಲು ಹೆಂಗಸರು. ತೋಳಮಾನವರೆಂಬ ಆರೋಪ ಹೊತ್ತವರು ಈ ದೊಡ್ಡ ಲೆಕ್ಕದಲ್ಲಿ ಒಂದು ಸಣ್ಣ ಬಾಬು ಮಾತ್ರ.

ನ್ಯಾಯಾಲಯದೊಳಗೆ

ಆ ಕಾಲದ ಜನರ ಭಯಕ್ಕೆ ಆಧಾರವೇ ಇರಲಿಲ್ಲವೆಂದು ಹೇಳುವಂತಿಲ್ಲ. ತೋಳಗಳು ನಿಜವಾಗಿಯೂ ಮನುಷ್ಯರ ಮೇಲೆ ಬೀಳುತ್ತಿದ್ದವು. ಫ್ರೆಂಚ್ ಇತಿಹಾಸಕಾರ ಜಾನ್ ಮಾರ್ಕ್ ಮೊರಿಸೊ ಚರ್ಚುಗಳ ಮರಣ ದಾಖಲೆ ಮೊದಲಾದವುಗಳನ್ನು ಪರಿಶೋಧಿಸಿ, ಹದಿನೈದರಿಂದ ಇಪ್ಪತ್ತನೆಯ ಶತಮಾನದವರೆಗೆ ಫ್ರಾನ್ಸಿನಲ್ಲಿ ತೋಳಗಳು ಮನುಷ್ಯರ ಮೇಲೆ ನಡೆಸಿದ ಸುಮಾರು 3000 ದಾಳಿಗಳ ವಿವರವನ್ನು 2007ರಲ್ಲಿ ಪ್ರಕಟಿಸಿದನು. ಮತಯುದ್ಧಗಳಿಂದ ಊರುಗಳು ಹಾಳಾಗಿ, ಹೊಲಗಳು ಬೀಳುಬಿದ್ದು, ಹೆಣಗಳು ಬಯಲಿನಲ್ಲಿ ಬಿದ್ದಿದ್ದಾಗ ತೋಳಗಳು ಊರಿನ ಅಂಚಿಗೆ ಬರುತ್ತಿದ್ದವು. ದನ ಕಾಯುವ ಮಕ್ಕಳು ಅವುಗಳಿಗೆ ಸುಲಭವಾಗಿ ತುತ್ತಾಗುತ್ತಿದ್ದರು. ಸ್ಟಂಪ್‌ನ ಊರಿನ ಸುತ್ತ 1583ರಿಂದ 1588ರವರೆಗೆ ಕಲೋನ್ ಯುದ್ಧವು ನಡೆದಿತ್ತೆಂಬುದನ್ನು ಇಲ್ಲಿ ನೆನೆಯಬೇಕು. ಮಗುವನ್ನು ಕಳೆದುಕೊಂಡ ತಾಯಿಯ ದುಃಖ ನಿಜ. ಊರಿನವರ ಭೀತಿಯೂ ನಿಜ. ಆ ದುಃಖಕ್ಕೆ ಹೊಣೆಗಾರನೊಬ್ಬನನ್ನು ನೆರೆಮನೆಯಲ್ಲಿ ಹುಡುಕತೊಡಗಿದಾಗ ಅನ್ಯಾಯವು ಆರಂಭವಾಯಿತು.

ಫ್ರಾನ್ಸಿನ ಪೂರ್ವ ಗಡಿಯ ಫ್ರಾಂಶ್ ಕೋಂತೆ ಪ್ರಾಂತದಲ್ಲಿ ಇಂಥ ಮೊಕದ್ದಮೆಗಳು ಹೆಚ್ಚಾಗಿ ನಡೆದವು. 1573ರಲ್ಲಿ ಅಲ್ಲಿಯ ಡೋಲ್ ನಗರದ ಉಚ್ಚ ನ್ಯಾಯಾಲಯವು, ಆಯುಧಗಳನ್ನು ಹಿಡಿದು ತೋಳಮಾನವನನ್ನು ಬೇಟೆಯಾಡಬಹುದೆಂದು ಹಳ್ಳಿಗರಿಗೆ ಅನುಮತಿಯನ್ನು ಕೊಟ್ಟಿತು. ಸಿಕ್ಕಿಬಿದ್ದವನು ಜೀಲ್ ಗಾರ್ನಿಯೆ. ಊರ ಹೊರಗೆ ಹೆಂಡತಿಯೊಡನೆ ಕಡುಬಡತನದಲ್ಲಿದ್ದ ಅವನನ್ನು ಜನರು ‘ಸಂನ್ಯಾಸಿ’ ಎಂದು ಕರೆಯುತ್ತಿದ್ದರು. ಅವನನ್ನು ಜೀವಸಹಿತ ಸುಟ್ಟರು. ಅದೇ ಪ್ರಾಂತದ ಸೇಂಟ್ ಕ್ಲೋಡ್ ಸೀಮೆಯಲ್ಲಿ 1598ರಲ್ಲಿ ಗಾಂದಿಯೋಂ ಎಂಬ ಮನೆತನದ ಪೆರ್ನೆತ್ ಎಂಬವಳನ್ನು ಜನರೇ ಹೊಡೆದು ಕೊಂದರು. ಉಳಿದ ಮೂವರನ್ನು ನ್ಯಾಯಾಲಯವು ಸುಡಿಸಿತು. ಅಲ್ಲಿಯ ನ್ಯಾಯಾಧೀಶ ಆನ್ರಿ ಬೊಗೆ ಸೆರೆಮನೆಯಲ್ಲಿದ್ದವರಿಗೆ ತೋಳವಾಗಿ ತೋರಿಸಿರೆಂದು ಹೇಳಿದನು. ಮೈಗೆ ಹಚ್ಚುವ ಲೇಪನ ತಮ್ಮ ಬಳಿಯಿಲ್ಲ, ಬಂಧನದಲ್ಲಿ ಆ ಶಕ್ತಿಯೂ ಉಳಿಯದು ಎಂದು ಅವರು ಉತ್ತರಿಸಿದರು. ಪರೀಕ್ಷೆಯು ವಿಫಲವಾಯಿತು, ಆದರೆ ತೀರ್ಪು ಬದಲಾಗಲಿಲ್ಲ.

ಬೊಗೆಯ ವಾದವನ್ನು ಸೂಕ್ಷ್ಮವಾಗಿ ನೋಡಬೇಕು. ಮನುಷ್ಯನು ನಿಜವಾಗಿ ತೋಳವಾಗಲಾರನೆಂದು ಅವನೂ ಒಪ್ಪುತ್ತಿದ್ದನು. ಸೈತಾನನು ಕಣ್ಣಿಗೆ ಮಂಕು ಕವಿಸುತ್ತಾನೆ, ಆದರೆ ಮನಸ್ಸಿನಲ್ಲಿ ಕೊಲ್ಲುವ ಸಂಕಲ್ಪವಿದ್ದುದರಿಂದ ಮರಣವೇ ತಕ್ಕ ಶಿಕ್ಷೆ ಎಂಬುದು ಅವನ ನಿರ್ಣಯ. ಹೀಗೆ ನಂಬಿಕೆಯು ಕುಸಿದರೂ ದಂಡನೆಯು ಕುಸಿಯದಂತೆ ಅವನು ಊರುಗೋಲನ್ನು ಕೊಟ್ಟನು. ಮೌಢ್ಯವನ್ನು ಬಿಟ್ಟರೆ ಹಿಂಸೆಯು ತಾನಾಗಿ ನಿಲ್ಲುತ್ತದೆಂದು ಭಾವಿಸುವವರು ಬೊಗೆಯ ಗ್ರಂಥವನ್ನು ಮರೆಯಬಾರದು.

ಇನ್ನೂ ವಿಸ್ಮಯಕರವಾದುದು ಜಾನ್ ಬೊದಾಂನ ಉದಾಹರಣೆ. ಅಮೆರಿಕದಿಂದ ಬರುತ್ತಿದ್ದ ಬೆಳ್ಳಿ ಬಂಗಾರಗಳ ಹೆಚ್ಚಳದಿಂದ ಪೇಟೆಯಲ್ಲಿ ಬೆಲೆಗಳು ಏರುತ್ತಿವೆಯೆಂದು 1568ರಲ್ಲಿಯೇ ವಿವರಿಸಿದ ಮೇಧಾವಿ ಅವನು. ಹಣದ ಪ್ರಮಾಣಕ್ಕೂ ಬೆಲೆಗೂ ಇರುವ ಸಂಬಂಧವನ್ನು ಕಲಿಯುವ ವಾಣಿಜ್ಯ ವಿದ್ಯಾರ್ಥಿಗಳು ಇಂದಿಗೂ ಅವನ ಹೆಸರನ್ನು ಕೇಳುತ್ತಾರೆ. ಅದೇ ಬೊದಾಂ 1580ರಲ್ಲಿ ಮಾಟಗಾರರ ಮೇಲೆ ಬರೆದ ಗ್ರಂಥದಲ್ಲಿ ಮನುಷ್ಯರು ನಿಜವಾಗಿಯೇ ತೋಳಗಳಾಗುತ್ತಾರೆಂದು ಸಾಧಿಸಿದನು. ಇಂಥ ಅಪರಾಧಗಳಲ್ಲಿ ಸಾಕ್ಷ್ಯದ ಸಾಮಾನ್ಯ ನಿಯಮಗಳನ್ನು ಸಡಿಲಿಸಬೇಕೆಂದೂ ಹೇಳಿದನು. ಪೇಟೆಯ ಧಾರಣೆಯನ್ನು ಪರೀಕ್ಷಿಸಿದ ಎಚ್ಚರದಿಂದ ಅವನು ನೆರೆಯವನ ಮೇಲಿನ ಆರೋಪವನ್ನು ಪರೀಕ್ಷಿಸಲಿಲ್ಲ. ಒಂದು ಕ್ಷೇತ್ರದ ಪಾಂಡಿತ್ಯವು ಮತ್ತೊಂದು ಕ್ಷೇತ್ರದಲ್ಲಿ ವಿವೇಕಕ್ಕೆ ಜಾಮೀನಾಗದು.

ಸಂದೇಹಪಟ್ಟವರು

ಅದೇ ಕಾಲದಲ್ಲಿ ಬೇರೆ ಧ್ವನಿಗಳೂ ಇದ್ದವು. ಕ್ಲೀವ್ಸ್ ಸಂಸ್ಥಾನದ ಡ್ಯೂಕನ ವೈದ್ಯನಾಗಿದ್ದ ಯೋಹಾನ್ ವೈಯರ್ 1563ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಮಾಟಗಾತಿಯರೆಂದು ಹಿಡಿಯಲ್ಪಟ್ಟ ಮುದುಕಿಯರಲ್ಲಿ ಬಹುಮಂದಿ ವಿಷಾದರೋಗದಿಂದ ಪೀಡಿತರು, ಅವರಿಗೆ ಬೇಕಾದುದು ವೈದ್ಯನೇ ಹೊರತು ಕೊಲೆಗಡುಕನಲ್ಲ ಎಂದು ವಾದಿಸಿದನು. ಬೊದಾಂ ತನ್ನ ಗ್ರಂಥದಲ್ಲಿ ಉಗ್ರವಾಗಿ ಖಂಡಿಸಿದುದು ಇವನನ್ನೇ. ಇಂಗ್ಲೆಂಡಿನ ರೆಜಿನಾಲ್ಡ್ ಸ್ಕಾಟ್ 1584ರಲ್ಲಿ ಇನ್ನೂ ದಿಟ್ಟವಾಗಿ ಬರೆದನು. 1597ರಲ್ಲಿ ಮಾಟದ ಮೇಲೆ ಪುಸ್ತಕವನ್ನು ಬರೆದ ಸ್ಕಾಟ್ಲೆಂಡಿನ ದೊರೆ ಜೇಮ್ಸ್ ಮಾಟಗಾರರನ್ನು ಪೂರ್ಣವಾಗಿ ನಂಬಿದ್ದರೂ, ತೋಳಮಾನವರ ಮಟ್ಟಿಗೆ ಅದು ಚಿತ್ತವಿಕಾರವೆಂದೇ ಹೇಳಿದನು.

ಕೆಲವು ನ್ಯಾಯಾಲಯಗಳಲ್ಲಿಯೂ ವಿವೇಕವು ಕಾಣಿಸಿಕೊಂಡಿತು. 1598ರಲ್ಲಿ, ಅಂದರೆ ಗಾಂದಿಯೋಂ ಮನೆತನದವರನ್ನು ಸುಟ್ಟ ವರ್ಷವೇ, ಆಂಜೆ ನಗರದ ಸಮೀಪದಲ್ಲಿ ಜಾಕ್ ರೂಲೆ ಎಂಬ ಭಿಕ್ಷುಕನು ಬಾಲಕನೊಬ್ಬನ ಛಿದ್ರವಾದ ಹೆಣದ ಬಳಿ ರಕ್ತಸಿಕ್ತವಾದ ಕೈಗಳೊಡನೆ ಸಿಕ್ಕನು. ತಾನು ತೋಳವಾಗಿದ್ದೆನೆಂದು ಒಪ್ಪಿಯೂಬಿಟ್ಟನು. ಆಂಜೆಯ ನ್ಯಾಯಾಲಯವು ಮರಣದಂಡನೆಯನ್ನು ವಿಧಿಸಿತು. ಮೇಲ್ಮನವಿಯು ಪ್ಯಾರಿಸಿನ ಪಾರ್ಲೆಮಾಂ ಎಂಬ ಉಚ್ಚ ನ್ಯಾಯಾಲಯಕ್ಕೆ ಹೋದಾಗ, ಅವನು ಬುದ್ಧಿಭ್ರಮಣೆಯವನೆಂದು ಪರಿಗಣಿಸಿ ಎರಡು ವರ್ಷ ಆಸ್ಪತ್ರೆಯಲ್ಲಿಟ್ಟು ತಿಳಿವಳಿಕೆ ಹೇಳುವಂತೆ ಅದು ಆಜ್ಞೆ ಮಾಡಿತು. 1603ರಲ್ಲಿ ಹದಿಮೂರು ಹದಿನಾಲ್ಕು ವರ್ಷದ ದನಗಾಹಿ ಹುಡುಗ ಜಾನ್ ಗ್ರೆನಿಯೆ, ‘ಕಾಡಿನ ಯಜಮಾನ’ನೊಬ್ಬನು ತನಗೆ ತೋಳದ ಚರ್ಮವನ್ನು ಕೊಟ್ಟಿದ್ದಾನೆಂದು ಹೇಳಿಕೊಂಡು ಸಿಕ್ಕಿಬಿದ್ದನು. ಬೋರ್ಡೊ ನಗರದ ಪಾರ್ಲೆಮಾಂ ಅವನ ವಯಸ್ಸನ್ನೂ ಮಂದಬುದ್ಧಿಯನ್ನೂ ಗಮನಿಸಿ, ಸುಡುವ ಬದಲು ಮಠವೊಂದರಲ್ಲಿ ಆಜೀವ ಇರಿಸಿತು. 1610ರಲ್ಲಿ ಅವನನ್ನು ಅಲ್ಲಿ ಕಂಡು ವಿವರವಾಗಿ ಬರೆದಿಟ್ಟವನು ಪಿಯೆರ್ ದ ಲಾಂಕ್ರ್ ಎಂಬ ನ್ಯಾಯಾಧೀಶ. ಹಿಂದಿನ ವರ್ಷ, 1609ರಲ್ಲಿ, ಲಾಬೂರ್ ಸೀಮೆಯಲ್ಲಿ ಮಾಟದ ಆರೋಪದ ಮೇಲೆ ಅನೇಕರನ್ನು ಸುಡಿಸಿದವನೂ ಇವನೇ. ಒಬ್ಬನೇ ಮನುಷ್ಯನಲ್ಲಿ ಕುತೂಹಲವೂ ಕ್ರೌರ್ಯವೂ ಒಟ್ಟಿಗೆ ಇರಬಲ್ಲವು.

ಪ್ಯಾರಿಸಿನ ನ್ಯಾಯಾಧೀಶರು ಸೈತಾನನನ್ನು ನಂಬದವರಾಗಿರಲಿಲ್ಲ. ಅವರಿಗೂ ಬೊಗೆಗೂ ಇದ್ದ ವ್ಯತ್ಯಾಸ ಶ್ರದ್ಧೆಯದಲ್ಲ, ಸಾಕ್ಷ್ಯದ ಅಳತೆಗೋಲಿನದು. ಊರಿನ ಗಾಳಿಮಾತಿನಿಂದ ದೂರವಿದ್ದುದರಿಂದಲೂ, ಕೆಳಗಿನವರ ತೀರ್ಪನ್ನು ಮತ್ತೊಮ್ಮೆ ಓದುವ ಪದ್ಧತಿ ಇದ್ದುದರಿಂದಲೂ ಅವರು ಅನೇಕ ಜೀವಗಳನ್ನು ಉಳಿಸಿದರು. 1624ರಿಂದ ಮಾಟದ ಮೊಕದ್ದಮೆಗಳಲ್ಲಿ ಮೇಲ್ಮನವಿಯನ್ನು ಅವರು ಕಡ್ಡಾಯವಾಗಿ ಮಾಡಿದರು. ಒಬ್ಬನು ಬರೆದ ಲೆಕ್ಕವನ್ನು ಮತ್ತೊಬ್ಬನು ತಪಾಸಣೆ ಮಾಡಬೇಕೆಂಬ ಸಾಮಾನ್ಯ ನಿಯಮವು ಜೀವದ ಲೆಕ್ಕಕ್ಕೂ ಅನ್ವಯವಾದಂತಾಯಿತು.

ಚಿತ್ರಹಿಂಸೆಯ ಮೂಲಕ್ಕೇ ಕೈಹಾಕಿದವನು ಫ್ರೀಡ್ರಿಶ್ ಸ್ಪೇ ಎಂಬ ಜೆಸುಯಿಟ್ ಪಾದ್ರಿ. 1631ರಲ್ಲಿ ಅವನ ಗ್ರಂಥವು ಹೆಸರಿಲ್ಲದೆ ಪ್ರಕಟವಾಯಿತು. ಯಂತ್ರಕ್ಕೆ ಕಟ್ಟಿದರೆ ಯಾರು ಬೇಕಾದರೂ ಏನು ಬೇಕಾದರೂ ಒಪ್ಪುವರು; ಒಪ್ಪಿದವರಿಂದ ಸಂಗಡಿಗರ ಹೆಸರನ್ನು ಕೇಳುವರು; ಹೆಸರು ಬಂದವರನ್ನು ಹಿಡಿದು ಅದೇ ಯಂತ್ರಕ್ಕೆ ಕಟ್ಟುವರು; ಹೀಗೆ ಮಾಟಗಾರರ ಸಂಖ್ಯೆಯು ಬೆಳೆಯುವುದು ಸೈತಾನನಿಂದಲ್ಲ, ನ್ಯಾಯಾಧೀಶರಿಂದಲೇ ಎಂಬುದು ಅವನ ವಾದದ ಸಾರ. ಈ ಮಾತು ರಾಜ್ಯಗಳ ಕಾನೂನಿಗೆ ಇಳಿಯಲು ನೂರು ವರ್ಷಗಳು ಬೇಕಾದವು. ಪ್ರಷ್ಯದ ದೊರೆ ಎರಡನೆಯ ಫ್ರೆಡರಿಕ್ ಕೆಲವು ಅಪವಾದಗಳೊಡನೆ ಚಿತ್ರಹಿಂಸೆಯನ್ನು ನಿಲ್ಲಿಸಿದುದು 1740ರಲ್ಲಿ.

ದೇವರ ನಾಯಿ

ತೋಳಮಾನವರ ಚರಿತ್ರೆಯಲ್ಲಿ ಅತ್ಯಂತ ವಿಚಿತ್ರವಾದ ವ್ಯಕ್ತಿ ತೀಸ್ ಎಂಬ ಮುದುಕ. ಅವನು ಈಗಿನ ಲಾಟ್ವಿಯಕ್ಕೆ ಸೇರಿದ, ಆಗ ಸ್ವೀಡನ್ನಿನ ಆಳ್ವಿಕೆಯಲ್ಲಿದ್ದ ಲಿವೋನಿಯ ಪ್ರಾಂತದವನು. 1691ರಲ್ಲಿ ಚರ್ಚಿನ ಕಳವಿನ ಮೊಕದ್ದಮೆಯೊಂದರಲ್ಲಿ ಸಾಕ್ಷಿಯಾಗಿ ಬಂದಿದ್ದ ಎಂಬತ್ತು ದಾಟಿದ ಈ ಮುದುಕ ತೋಳಮಾನವನೆಂಬುದು ಊರಿಗೆಲ್ಲ ಗೊತ್ತೆಂದು ಯಾರೋ ಹೇಳಿದರು. ಅವನು ನಿರಾಕರಿಸಲಿಲ್ಲ. ಯಾವ ಹಿಂಸೆಯೂ ಇಲ್ಲದೆ ನಿರಾತಂಕವಾಗಿ ತನ್ನ ಕಥೆಯನ್ನು ಹೇಳಿದನು. ತಾನೂ ತನ್ನ ಸಂಗಡಿಗರೂ ವರ್ಷದಲ್ಲಿ ಮೂರು ರಾತ್ರಿ ತೋಳಗಳಾಗಿ ನರಕಕ್ಕೆ ಇಳಿಯುವರೆಂದೂ, ಮಾಟಗಾರರು ಕದ್ದು ಅಲ್ಲಿಗೆ ಒಯ್ದ ಧಾನ್ಯದ ಸತ್ತ್ವವನ್ನು ಹೋರಾಡಿ ಮರಳಿ ತರುವರೆಂದೂ, ಹಾಗೆ ತಂದ ವರ್ಷ ಬೆಳೆ ಚೆನ್ನಾಗಿ ಆಗುವುದೆಂದೂ ವಿವರಿಸಿದನು. ತಾವು ಸೈತಾನನ ಸೇವಕರಲ್ಲ, ದೇವರ ಬೇಟೆನಾಯಿಗಳು ಎಂಬುದು ಅವನ ಹಟ. ಪಾದ್ರಿಯು ಬಂದು ಎಷ್ಟು ಬೋಧಿಸಿದರೂ ಅವನು ಸೈತಾನನೊಡನೆ ಕರಾರು ಮಾಡಿದೆನೆಂದು ಒಪ್ಪಲಿಲ್ಲ. 1692ರಲ್ಲಿ ಅವನಿಗೆ ಚಾಟಿಯೇಟಿನ ಮತ್ತು ಗಡೀಪಾರಿನ ಶಿಕ್ಷೆಯಾಯಿತು.

ಸ್ಟಂಪ್ ಮತ್ತು ತೀಸ್ ಇಬ್ಬರನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಒಂದು ಸತ್ಯವು ಹೊಳೆಯುತ್ತದೆ. ಹಿಂಸೆಯ ಭಯದಲ್ಲಿದ್ದವನು ವಿಚಾರಣೆ ಮಾಡುವವರು ಬಯಸಿದ ಕಥೆಯನ್ನು ಹೇಳಿದನು. ಭಯವಿಲ್ಲದವನು ತನ್ನದೇ ಕಥೆಯನ್ನು ಹೇಳಿದನು. ಇಟಲಿಯ ಇತಿಹಾಸಕಾರ ಕಾರ್ಲೊ ಗಿಂಜ್‌ಬುರ್ಗ್ 1966ರಲ್ಲಿ ಪ್ರಕಟಿಸಿದ ತನ್ನ ಪ್ರಸಿದ್ಧ ಗ್ರಂಥದಲ್ಲಿ ಇದೇ ವಿಷಯವನ್ನು ಬೇರೊಂದು ಪ್ರದೇಶದ ದಾಖಲೆಗಳಿಂದ ತೋರಿಸಿದನು. ಇಟಲಿಯ ಫ್ರಿಯೂಲಿ ಸೀಮೆಯ ಕೆಲವು ರೈತರು, ತಾವು ರಾತ್ರಿ ಆತ್ಮರೂಪದಿಂದ ಹೊರಟು ಸೋಂಪಿನ ದಂಟುಗಳನ್ನು ಹಿಡಿದು ಮಾಟಗಾರರೊಡನೆ ಕಾದಿ ಬೆಳೆಯನ್ನು ಕಾಪಾಡುವೆವೆಂದು ನಂಬಿದ್ದರು. 1575ರಿಂದ ಮತವಿಚಾರಣೆಯ ಅಧಿಕಾರಿಗಳು ಅವರನ್ನು ಪ್ರಶ್ನಿಸತೊಡಗಿದರು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಒಂದೇ ಬಗೆಯ ಪ್ರಶ್ನೆಗಳನ್ನು ಕೇಳಿ ಕೇಳಿ, ಕೊನೆಗೆ ಆ ರೈತರಲ್ಲಿ ಕೆಲವರು ತಾವೇ ಮಾಟಗಾರರೆಂದು ಹೇಳಿಕೊಳ್ಳುವ ಸ್ಥಿತಿಗೆ ಬಂದರು. ಮಾಟಗಾರರ ವೈರಿಗಳೆಂದು ತಮ್ಮನ್ನು ತಿಳಿದಿದ್ದವರನ್ನು ಪ್ರಶ್ನೆಯೇ ಮಾಟಗಾರರನ್ನಾಗಿ ಮಾಡಿತು.

ತೀಸನ ಹೇಳಿಕೆಯ ಅರ್ಥವೇನೆಂಬುದರಲ್ಲಿ ವಿದ್ವಾಂಸರಿಗೆ ಇಂದಿಗೂ ಒಮ್ಮತವಿಲ್ಲ. ಅದು ಯೂರೇಷ್ಯದ ಅತಿ ಪ್ರಾಚೀನ ನಂಬಿಕೆಯ ಉಳಿಕೆಯೆಂದು ಗಿಂಜ್‌ಬುರ್ಗ್ ಹೇಳಿದರೆ, ಜರ್ಮನ್ ಒಡೆಯರ ಕೈಕೆಳಗೆ ನಲುಗಿದ ರೈತನ ಪ್ರತಿಭಟನೆಯ ಮಾತೆಂದು ಅಮೆರಿಕದ ಬ್ರೂಸ್ ಲಿಂಕನ್ ವಾದಿಸಿದನು. ಇಬ್ಬರೂ ಕೂಡಿ ತಮ್ಮ ಭಿನ್ನಾಭಿಪ್ರಾಯಗಳ ಸಹಿತವೇ 2020ರಲ್ಲಿ ಒಂದು ಪುಸ್ತಕವನ್ನು ಪ್ರಕಟಿಸಿದರು. ಮತಭೇದವನ್ನು ಮುಚ್ಚಿಡದೆ ಒಂದೇ ಹೊದಿಕೆಯೊಳಗೆ ಇಡುವ ಈ ಸೌಜನ್ಯವು ಮೆಚ್ಚತಕ್ಕದ್ದು.

ವೈದ್ಯಶಾಸ್ತ್ರದ ಕಡೆಯಿಂದಲೂ ವಿವರಣೆಗಳು ಬಂದಿವೆ. ಪಾರ್ಫಿರಿಯ ಎಂಬ ಅಪರೂಪದ ರಕ್ತದೋಷದಿಂದ ಚರ್ಮ, ಹಲ್ಲುಗಳು ವಿಕಾರವಾಗುವುದೇ ತೋಳಮಾನವನ ಕಲ್ಪನೆಗೆ ಮೂಲವಿರಬಹುದೆಂದು 1964ರಲ್ಲಿ ಬ್ರಿಟನ್ನಿನ ವೈದ್ಯನೊಬ್ಬನು ಸೂಚಿಸಿದನು. ಇತಿಹಾಸಕಾರರು ಇದನ್ನು ಅಷ್ಟಾಗಿ ಒಪ್ಪಿಲ್ಲ. ಆರೋಪಿಗಳಲ್ಲಿ ಬಹುಮಂದಿಯ ಮೈಯಲ್ಲಿ ಅಂಥ ಲಕ್ಷಣಗಳಿದ್ದವೆಂದು ದಾಖಲೆಗಳು ಹೇಳುವುದಿಲ್ಲ. ಅವರಲ್ಲಿ ಸಾಮಾನ್ಯವಾಗಿ ಕಾಣುವುದು ಮತ್ತೊಂದು ಲಕ್ಷಣ: ಬಡತನ, ಒಂಟಿತನ, ನೆರೆಯವರೊಡನೆ ಹಳೆಯ ಜಗಳ.

ಪ್ರೇತಗಳ ಪ್ರಶ್ನೆ

ತೋಳಮಾನವರ ವಿಷಯದಲ್ಲಿ ಜೀವಂತ ಮನುಷ್ಯನು ಆರೋಪಿಯಾದರೆ, ಪ್ರೇತಗಳ ವಿಷಯದಲ್ಲಿ ಸತ್ತವನೇ ಸಾಕ್ಷಿಯಾದನು. ಪಾಪಶುದ್ಧಿಗಾಗಿ ಆತ್ಮಗಳು ಕೆಲಕಾಲ ಯಾತನೆ ಪಡುವ ‘ಪರ್ಗೆಟರಿ’ ಎಂಬ ಲೋಕವನ್ನು ಕ್ಯಾಥೊಲಿಕರು ನಂಬಿದ್ದರು. ಅಲ್ಲಿಂದ ಆತ್ಮಗಳು ಬಂದು ಬಂಧುಗಳಿಂದ ಪ್ರಾರ್ಥನೆಯನ್ನು ಬೇಡಬಹುದೆಂದು ತಿಳಿದಿದ್ದರು. ಹದಿನಾರನೆಯ ಶತಮಾನದ ಮತಸುಧಾರಕರು ಆ ಲೋಕವನ್ನೇ ನಿರಾಕರಿಸಿದರು. ಹಾಗಾದರೆ ಜನರು ರಾತ್ರಿಯಲ್ಲಿ ಕಾಣುವುದೇನನ್ನು? ಜ್ಯೂರಿಕ್ಕಿನ ಪ್ರಾಟೆಸ್ಟಂಟ್ ಪಾದ್ರಿ ಲುಡ್ವಿಗ್ ಲಾವಾಟರ್ 1569ರಲ್ಲಿ ಬರೆದ ಗ್ರಂಥವು ಇದಕ್ಕೆ ಉತ್ತರ ಹೇಳಿತು. ಹೆಚ್ಚಿನವು ಭಯಗ್ರಸ್ತರ ಕಲ್ಪನೆ, ಬೆಕ್ಕು ಇಲಿಗಳ ಸದ್ದು, ಗಾಳಿಯ ಶಬ್ದ ಅಥವಾ ಕುಚೇಷ್ಟೆಗಾರರ ಮೋಸ. ಉಳಿದವು ಸೈತಾನನ ವೇಷ, ಅಪರೂಪಕ್ಕೆ ದೇವದೂತರು. ಸತ್ತವರ ಆತ್ಮಗಳಂತೂ ಅಲ್ಲ ಎಂಬುದು ಅವನ ಸಿದ್ಧಾಂತ. ಈ ಗ್ರಂಥ 1572ರಲ್ಲಿ ಇಂಗ್ಲಿಷಿಗೆ ಬಂದಿತು. ಷೇಕ್ಸ್‌ಪಿಯರನ ಹ್ಯಾಮ್ಲೆಟ್ ತನ್ನ ತಂದೆಯ ಪ್ರೇತವನ್ನು ನಂಬಬೇಕೇ ಬೇಡವೇ ಎಂದು ತೊಳಲಾಡುವುದರ ಹಿಂದೆ ಈ ಇಡೀ ವಿವಾದವಿದೆ. ಇಂಗ್ಲೆಂಡಿನ ಇಂಥ ನಂಬಿಕೆಗಳನ್ನು ಸಮಗ್ರವಾಗಿ ಪರಿಶೀಲಿಸಿದ ಕೀತ್ ಥಾಮಸ್‌ನ 1971ರ ಮಹಾಗ್ರಂಥವು, ಪ್ರೇತದ ಕಥೆಗಳು ಸತ್ತವರಿಗೆ ಕೊಟ್ಟ ಮಾತನ್ನು ಬದುಕಿರುವವರು ಉಳಿಸಿಕೊಳ್ಳುವಂತೆ ಮಾಡುತ್ತಿದ್ದವೆಂಬ ಸಾಮಾಜಿಕ ಅಂಶವನ್ನು ಎತ್ತಿತೋರಿಸಿತು.

ಮೋಸಕ್ಕೆ ಉದಾಹರಣೆಯಾಗಿ ಪ್ರಾಟೆಸ್ಟಂಟರು ಮೆಲುಕು ಹಾಕುತ್ತಿದ್ದುದು ಬರ್ನ್ ನಗರದ ಕಥೆ. ಅಲ್ಲಿಯ ಡೊಮಿನಿಕನ್ ಮಠದಲ್ಲಿ ಯೆಟ್ಜರ್ ಎಂಬ ದರ್ಜಿ ವೃತ್ತಿಯ ಶಿಷ್ಯನಿಗೆ 1507ರಲ್ಲಿ ಪ್ರೇತವೂ ಅನಂತರ ಮೇರಿ ಮಾತೆಯೂ ಕಾಣಿಸಿಕೊಂಡವೆಂಬ ಸುದ್ದಿ ಹಬ್ಬಿತು. ವಿಚಾರಣೆಯ ಬಳಿಕ, ಇದೆಲ್ಲ ಮಠದ ಹಿರಿಯರ ಕುತಂತ್ರವೆಂದು ತೀರ್ಮಾನಿಸಿ 1509ರಲ್ಲಿ ನಾಲ್ವರು ಸಂನ್ಯಾಸಿಗಳನ್ನು ಸುಟ್ಟರು. ಕಪಟವು ಬಯಲಾಯಿತೆಂದು ಲೋಕವು ಹಿಗ್ಗಿತು. ಆದರೆ ಆ ನಾಲ್ವರ ಒಪ್ಪಿಗೆಯೂ ಚಿತ್ರಹಿಂಸೆಯಿಂದಲೇ ಬಂದಿತ್ತು. 1897ರಲ್ಲಿ ನಿಕೊಲಾಸ್ ಪೌಲುಸ್ ಎಂಬ ವಿದ್ವಾಂಸನು ದಾಖಲೆಗಳನ್ನು ಮರುಪರಿಶೀಲಿಸಿ, ಇದು ನ್ಯಾಯದ ಹೆಸರಿನಲ್ಲಿ ನಡೆದ ಕೊಲೆ, ಮೋಸಗಾರನು ಯೆಟ್ಜರನೇ ಎಂದು ವಾದಿಸಿದನು.  ಪ್ರೇತವನ್ನು ನಂಬಿದವರಷ್ಟೇ ಅಲ್ಲ, ಪ್ರೇತವನ್ನು ನಂಬದೆ ಮೋಸವನ್ನು ಬಯಲಿಗೆಳೆದೆವೆಂದವರೂ ತಪ್ಪು ಸಾಕ್ಷ್ಯದ ಮೇಲೆ ಕೊಲ್ಲಬಲ್ಲರು.

ಹನ್ನೆರಡು ಗಿನಿಗಳ ಸಾಲ

ಇದಕ್ಕೆ ಎರಡೂವರೆ ಶತಮಾನಗಳ ಅನಂತರ ಲಂಡನ್ನಿನ ಕಾಕ್ ಲೇನ್ ಎಂಬ ಓಣಿಯಲ್ಲಿ ನಡೆದ ಘಟನೆಯು ವ್ಯವಹಾರಸ್ಥರು ವಿಶೇಷವಾಗಿ ಗಮನಿಸತಕ್ಕದ್ದು. ಚರ್ಚಿನ ಗುಮಾಸ್ತನಾಗಿದ್ದ ರಿಚರ್ಡ್ ಪಾರ್ಸನ್ಸ್ ತನ್ನ ಮನೆಯಲ್ಲಿ ಬಾಡಿಗೆಗಿದ್ದ ವಿಲಿಯಂ ಕೆಂಟ್ ಎಂಬವನಿಂದ ಹನ್ನೆರಡು ಗಿನಿ ಸಾಲ ಪಡೆದನು. ಸಾಲ ತೀರಿಸಲಿಲ್ಲ, ಕೆಂಟ್ ದಾವೆ ಹೂಡಿ ವಸೂಲು ಮಾಡಿದನು. ಕೆಂಟನ ತೀರಿಹೋದ ಹೆಂಡತಿಯ ತಂಗಿ ಫ್ಯಾನಿ ಅವನೊಡನೆ ಇದ್ದಳು. ಅಂದಿನ ಕಾನೂನು ಅವರ ಮದುವೆಗೆ ಅಡ್ಡಿಯಾಗಿತ್ತು. 1760ರಲ್ಲಿ ಅವಳು ಸಿಡುಬಿನಿಂದ ತೀರಿಕೊಂಡಳು. 1762ರ ಜನವರಿಯಲ್ಲಿ ಪಾರ್ಸನ್ಸನ ಮನೆಯಲ್ಲಿ ಅವನ ಚಿಕ್ಕ ಮಗಳ ಹಾಸಿಗೆಯ ಬಳಿ ಬಡಿಯುವ ಸದ್ದು ಕೇಳಿಬರತೊಡಗಿತು. ಒಂದು ಬಡಿತವೆಂದರೆ ಹೌದು, ಎರಡೆಂದರೆ ಇಲ್ಲ. ಹೀಗೆ ಪ್ರಶ್ನೋತ್ತರ ನಡೆಸಿ, ಫ್ಯಾನಿಯ ಪ್ರೇತವು ತನಗೆ ಕೆಂಟ್ ವಿಷವಿಕ್ಕಿದನೆಂದು ಹೇಳುತ್ತಿದೆಯೆಂದು ಸಾರಿದರು. ಲಂಡನ್ನಿನ ಗಣ್ಯರೆಲ್ಲ ಆ ಇಕ್ಕಟ್ಟಾದ ಓಣಿಗೆ ಗಾಡಿಗಳಲ್ಲಿ ಬಂದರು. ಪತ್ರಿಕೆಗಳು ದಿನದಿನವೂ ಬರೆದವು. ಕೆಂಟನ ಕೊರಳು ಒಂದು ಹಲಗೆಯ ಬಡಿತಕ್ಕೆ ಸಿಕ್ಕಿಕೊಂಡಿತು.

ಕೊನೆಗೆ ಡಾಕ್ಟರ್ ಸ್ಯಾಮ್ಯುಅಲ್ ಜಾನ್ಸನ್ ಮೊದಲಾದವರ ಒಂದು ಸಮಿತಿಯು 1762ರ ಫೆಬ್ರುವರಿ 1ರ ರಾತ್ರಿ ಪರೀಕ್ಷೆಗೆ ಕುಳಿತಿತು. ಹುಡುಗಿಯ ಕೈಗಳನ್ನು ಹೊದಿಕೆಯ ಮೇಲೆ ಇರಿಸಿದಾಗ ಸದ್ದೇ ಇಲ್ಲ. ಸಮಾಧಿಮಂದಿರದಲ್ಲಿ ತನ್ನ ಶವಪೆಟ್ಟಿಗೆಯನ್ನು ತಟ್ಟುವೆನೆಂದು ‘ಪ್ರೇತ’ವು ಹೇಳಿತ್ತು, ಅಲ್ಲಿ ಹೋಗಿ ಕಾದರೂ ಮೌನವೇ. ತಂದೆಗೆ ಸೆರೆಮನೆಯಾಗುವುದೆಂದು ಹೆದರಿಸಿದ ಮೇಲೆ ಹುಡುಗಿಯು ಮರದ ತುಂಡೊಂದನ್ನು ಬಟ್ಟೆಯೊಳಗೆ ಬಚ್ಚಿಟ್ಟುಕೊಂಡು ಸಿಕ್ಕಿಬಿದ್ದಳು. 1763ರಲ್ಲಿ ಪಾರ್ಸನ್ಸನಿಗೆ ಎರಡು ವರ್ಷ ಸೆರೆವಾಸವೂ ಮೂರು ಬಾರಿ ಬಹಿರಂಗ ಅವಮಾನದ ಕಟಕಟೆಯೂ ಶಿಕ್ಷೆಯಾದವು. ಕಟಕಟೆಯಲ್ಲಿ ನಿಂತವನಿಗೆ ಕಲ್ಲೆಸೆಯುವುದು ಲಂಡನ್ನಿನ ಜನರ ರೂಢಿ. ಪಾರ್ಸನ್ಸನಿಗೆ ಅವರು ಕಲ್ಲೆಸೆಯಲಿಲ್ಲ. ಅವನಿಗಾಗಿ ಚಂದಾ ಎತ್ತಿದರು. ಸುಳ್ಳು ಬಯಲಾದರೂ ಜನರ ಒಲವು ಅದರ ಕಡೆಗೇ ಇತ್ತು. ಎರಡು ಶತಮಾನಗಳ ಹಿಂದೆ ಆಗಿದ್ದರೆ ಕೆಂಟ್ ಬದುಕುತ್ತಿದ್ದನೇ ಎಂಬುದನ್ನು ವಾಚಕರೇ ಊಹಿಸಬಹುದು.

ಅದೇ ಶತಮಾನದಲ್ಲಿ ಇಂಥ ಎಚ್ಚರವು ಬೇರೆಡೆಯೂ ಕಾಣಿಸಿತು. 1755ರಲ್ಲಿ ಮೊರೇವಿಯದ ಗಡಿಯ ಹಳ್ಳಿಯೊಂದರಲ್ಲಿ ರಕ್ತ ಹೀರುವ ಪ್ರೇತವೆಂದು ಹೆಣವೊಂದನ್ನು ಅಗೆದು ಸುಟ್ಟಾಗ, ಆಸ್ಟ್ರಿಯದ ರಾಣಿ ಮರಿಯ ಥೆರೇಸ ವೈದ್ಯರನ್ನು ಕಳುಹಿಸಿದಳು. ಅವಳ ಆಸ್ಥಾನವೈದ್ಯ ಗೆರಾರ್ಡ್ ವಾನ್ ಸ್ವೀಟನ್ ಹೆಣ ಕೊಳೆಯದಿರುವುದಕ್ಕೂ ಸಹಜ ಕಾರಣಗಳಿವೆಯೆಂದು ವರದಿ ಮಾಡಿದನು. ಹೆಣಗಳನ್ನು ಅಗೆಯುವುದನ್ನು ರಾಣಿಯು ನಿಷೇಧಿಸಿದಳು. ಫ್ರಾನ್ಸಿನ ಜೆವೊದಾಂ ಬೆಟ್ಟಸೀಮೆಯಲ್ಲಿ 1764ರಿಂದ 1767ರವರೆಗೆ ಒಂದು ಕ್ರೂರಮೃಗವು ಸುಮಾರು ನೂರು ಜನರನ್ನು, ಹೆಚ್ಚಾಗಿ ಹೆಂಗಸರನ್ನೂ ಮಕ್ಕಳನ್ನೂ ಕೊಂದಿತು. ಗಾರ್ನಿಯೆಯ ಕಾಲಕ್ಕಿಂತ ಭೀತಿಯು ಕಡಿಮೆಯಾಗಿರಲಿಲ್ಲ. ತೋಳಮಾನವನ ಮಾತನ್ನೂ ಜನರು ಆಡಿಕೊಂಡರು. ಆದರೂ ದೊರೆಯು ಕಳುಹಿಸಿದುದು ಬೇಟೆಗಾರರನ್ನು. ನೆರೆಮನೆಯ ಬಡವನನ್ನು ಯಾವ ನ್ಯಾಯಾಲಯವೂ ಸುಡಿಸಲಿಲ್ಲ.

ಉಪಸಂಹಾರ

ಈ ಚರಿತ್ರೆಯಿಂದ ಯೂರೋಪಿನವರು ಮೂಢರಾಗಿದ್ದರೆಂಬ ತ್ವರಿತ ನಿರ್ಣಯಕ್ಕೆ ಬರುವುದು ಸರಿಯಲ್ಲ. ಅಲ್ಲಿ ಬೊದಾಂ ಇದ್ದನು, ವೈಯರನೂ ಇದ್ದನು. ಬೊಗೆ ಇದ್ದನು, ಸ್ಪೇಯೂ ಇದ್ದನು. ನಂಬಿಕೆಯು ಸಂಪೂರ್ಣವಾಗಿ ಅಳಿಯುವ ಮೊದಲೇ ಕೊಲೆಗಳು ನಿಂತವು. ನಿಲ್ಲಿಸಿದುದು ಮೂರು ಸರಳ ನಿಯಮಗಳು: ನೋವಿನಿಂದ ಹೊರಡಿಸಿದ ಮಾತು ಸಾಕ್ಷ್ಯವಲ್ಲ, ಒಬ್ಬನ ತೀರ್ಪನ್ನು ದೂರವಿರುವ ಮತ್ತೊಬ್ಬನು ಪರಿಶೀಲಿಸಬೇಕು, ದೂರು ಕೊಟ್ಟವನಿಗೂ ಆರೋಪಿಗೂ ನಡುವೆ ಹಳೆಯ ಬಾಕಿಯೇನಾದರೂ ಇದೆಯೇ ಎಂದು ಮೊದಲು ಕೇಳಬೇಕು.

ಹಿಂಸೆಯನ್ನು ತಾನು ಮಾಡುವುದು, ಇತರರಿಂದ ಮಾಡಿಸುವುದು, ಮಾಡಿದುದನ್ನು ಅನುಮೋದಿಸುವುದು ಎಂದು ಮೂರು ಬಗೆಯುಂಟು. ಬೆಡ್‌ಬುರ್ಗಿನಲ್ಲಿ ಕೈಯಾರೆ ಕೊಂದವನು ಒಬ್ಬ ಕೊಲೆಗಡುಕ. ಕೊಲ್ಲಿಸಿದವರು ಕೆಲವರು ಅಧಿಕಾರಿಗಳು. ಮೆಚ್ಚಿದವರು ಆ ಚಿತ್ರಗಳನ್ನು ಕಾಸು ಕೊಟ್ಟು ಕೊಂಡು, ಮನೆಗೊಯ್ದು, ಮಕ್ಕಳಿಗೆ ತೋರಿಸಿದ ಜನ. ಅವರಲ್ಲಿ ಒಬ್ಬೊಬ್ಬರೂ ತಾವು ಯಾರಿಗೂ ನೋವು ಮಾಡಿಲ್ಲವೆಂದೇ ತಿಳಿದಿದ್ದಿರಬೇಕು. ಅವರಲ್ಲಿ ಒಬ್ಬನಾದರೂ ಆ ಕಾಗದವನ್ನು ಕೊಳ್ಳುವ ಮೊದಲು, ‘ನಡುಪಟ್ಟಿ ಸಿಕ್ಕಿತೇ?’ ಎಂದು ಕೇಳಬಹುದಾಗಿತ್ತು.